ಕರಡಿಯ ಮೂರು ಮಾತು

ಕರಡಿಯ ಮೂರು ಮಾತುಗಳನ್ನು ಬದಲಾಯಿಸಬೇಕೆಂದು ಬೆಂಗಳೂರಿನಿಂದ ಫೋನ್ ಬಂದಾಗ, ಕರಡಿಗೆ ದನಿ ಕೊಟ್ಟಿದ್ದವರು ಆಪರೇಷನ್ ಮುಗಿಸಿಕೊಂಡು ಭದ್ರಾವತಿಯ ಮನೆಗೆ ಬಂದಾಗಿತ್ತು. ಅವರ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನು ತೆಗೆದಿದ್ದರು. ಆ ವಿಷಯ ನನಗೆ ಗೊತ್ತಿರಲಿಲ್ಲ. "ಆಯ್ತು ಸಾರ್, ಕರೆಸಿ ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡ್ತೀನಿ" ಎಂದು ಹೇಳಿ ಫೋನ್ ಇಟ್ಟೆ.

ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಮನೆಯ ಕಾರ್ ಶೆಡ್ಡನ್ನು ಮುಚ್ಚಿ ಮಾಡಿದ ಸ್ಟುಡಿಯೋ ನಮ್ಮದು. ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳ ಮಾತು. ಗೋಡೆಗೆ ಹತ್ತಿ ತುಂಬಿದ ಗೋಣಿಚೀಲಗಳನ್ನು ಬಡಿದು, ಮೇಲೆ ಕಂಬಳಿ ಹೊದಿಸಿದ್ದೆವು. ಮಾಲೀಕರು ಮದುವೆ ಮತ್ತು ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವರು; ಸ್ಟುಡಿಯೋ ಅವರಿಗೆ ಎರಡನೆಯ ಕಸುಬು. ಭಕ್ತಿಗೀತೆಯ ಕ್ಯಾಸೆಟ್, ಆಟೋದಲ್ಲಿ ಕೂಗಿಕೊಂಡು ಹೋಗುವ ಬಟ್ಟೆ ಅಂಗಡಿಯ ಜಾಹೀರಾತು, ಇವೇ ನಮ್ಮ ದಿನದ ಕೆಲಸ. ಬರೆಯುವುದು, ರೆಕಾರ್ಡ್ ಮಾಡುವುದು, ಕತ್ತರಿಸಿ ಜೋಡಿಸುವುದು ಎಲ್ಲ ನಾನೇ. ಚಿಕ್ಕಂದಿನಲ್ಲಿ ರೇಡಿಯೋ ನಾಟಕಗಳಲ್ಲಿ ಹುಡುಗರ ಪಾತ್ರ ಮಾಡುತ್ತಿದ್ದವಳು. ನಲವತ್ತು ದಾಟಿದ ಮೇಲೂ ಆ ದನಿ ನನ್ನನ್ನು ಬಿಟ್ಟಿರಲಿಲ್ಲ. ಹಾಗಾಗಿ ಮಕ್ಕಳ ದನಿ ಬೇಕಾದಾಗ ಅದೂ ನಾನೇ.

ಮಕ್ಕಳಿಗಾಗಿ ವಿಸಿಡಿ ತರುವ ಕಂಪನಿಯೊಂದು ಹೊರದೇಶದ ಒಂದು ಕಾರ್ಟೂನನ್ನು ಕನ್ನಡಕ್ಕೆ ತರಲು ನಮಗೆ ಕೊಟ್ಟಿತ್ತು. ಮೊದಲ ಕಂತು ಸರಿಹೋದರೆ ಉಳಿದವೂ ನಮಗೇ ಎಂಬ ಮಾತಾಗಿತ್ತು. ಒಂದು ಕರಡಿ, ಒಂದು ಅಳಿಲು. ಎರಡೂ ಪ್ರತಿ ಕಂತಿನಲ್ಲಿ ಯಾವುದಾದರೂ ಹಳೆಯ ಕಥೆಯೊಳಗೆ ಬಿದ್ದು ಅದನ್ನು ತಲೆಕೆಳಗು ಮಾಡುತ್ತವೆ. ನಮಗೆ ಬಂದದ್ದು ಬೈಬಲಿನ ದಾವೀದ ಮತ್ತು ಗೊಲಿಯಾತನ ಕಥೆಯ ಅಣಕ. ಮರಳುಗಾಡಿನ ನಡುವೆ ಒಂದು ಕಣಿವೆ. ಹಿತ್ತಾಳೆಯ ಶಿರಸ್ತ್ರಾಣ ತೊಟ್ಟ ದೈತ್ಯ ಕರಡಿ ದಿನಾ ಬೆಳಿಗ್ಗೆ ಕಣಿವೆಗೆ ಇಳಿದು, "ಬನ್ರೋ, ಯಾರಾದ್ರೂ ಒಬ್ರು ಬನ್ರೋ" ಎಂದು ಕೂಗುತ್ತದೆ. ಎದುರಿನ ಮೊಲಗಳ ಸೈನ್ಯ ಡೇರೆಯೊಳಗೆ ಅಡಗಿ ಕೂರುತ್ತದೆ. ಯಾರೂ ಬರುವುದಿಲ್ಲ. ಕರಡಿ ಬುತ್ತಿ ಬಿಚ್ಚಿ ಒಂಟಿಯಾಗಿ ಕೂತು ಉಂಡು, ಸಂಜೆ ಹಿಂದಿರುಗುತ್ತದೆ. ಕೊನೆಗೊಂದು ದಿನ ಕುರಿ ಕಾಯುವ ಅಳಿಲು ಬಂದು, ಕವಣೆಯಲ್ಲಿ ಕಲ್ಲಿನ ಬದಲು ಖರ್ಜೂರದ ಬೀಜ ಇಟ್ಟು ಬೀಸುತ್ತದೆ. ಕರಡಿ ಧೊಪ್ಪನೆ ಬೀಳುತ್ತದೆ. ಎಲ್ಲರೂ ಸತ್ತೇ ಹೋಯಿತೆಂದುಕೊಂಡಾಗ ಎದ್ದು ಕೂತು ಏನೋ ಒಂದು ಹೇಳುತ್ತದೆ. ಅಳಿಲು ಅದರ ಹೆಗಲೇರುತ್ತದೆ. ಇಬ್ಬರೂ ಮರಳು ದಿಬ್ಬ ದಾಟಿ ಹೋಗುತ್ತಾರೆ.

ಆ ಕರಡಿಗೆ ದನಿ ಕೊಟ್ಟವರು ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಕಾರ್ಮಿಕರ ನಾಟಕಗಳಲ್ಲಿ ವರ್ಷಗಟ್ಟಲೆ ಹಾಸ್ಯದ ಪಾತ್ರ ಮಾಡಿದವರು. ಮನೆಯಲ್ಲಿ ದಖನಿ ಉರ್ದು, ಕ್ವಾರ್ಟರ್ಸಿನಲ್ಲಿ ತಮಿಳು ತೆಲುಗು, ರಂಗದ ಮೇಲೆ ಅಚ್ಚ ಕನ್ನಡ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು; ಬೇಸರ ಬಂದಾಗ ಮಾರಾಯ್ತಿ.

ನಮ್ಮಲ್ಲಿದ್ದುದು ಒಂದೇ ಒಳ್ಳೆಯ ಮೈಕು. ಆದ್ದರಿಂದ ಒಬ್ಬೊಬ್ಬರ ಮಾತನ್ನು ಬೇರೆ ಬೇರೆ ದಿನ ತೆಗೆದುಕೊಳ್ಳುತ್ತಿದ್ದೆವು. ಪರದೆಯ ಮೇಲೆ ಚಿತ್ರ, ಹೆಡ್‌ಫೋನಿನಲ್ಲಿ ಮೂಲದ ಇಂಗ್ಲಿಷ್ ದನಿ. ಅದನ್ನು ಕೇಳಿಕೊಂಡು, ಪಾತ್ರದ ತುಟಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ ಕನ್ನಡ ಹೇಳಬೇಕು. ಚಾಚಾ ವಾರಕ್ಕೊಮ್ಮೆಯಂತೆ ಮೂರು ಸಲ ಬಂದು ಕರಡಿಯನ್ನು ಮುಗಿಸಿದರು. ನಾನು ಆಮೇಲೆ ಒಬ್ಬಳೇ ಕೂತು ಅಳಿಲನ್ನು ಮುಗಿಸಿದೆ. ನಮ್ಮ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಚಿತ್ರಕ್ಕೂ ಮಾತಿಗೂ ತಾಳ ತಪ್ಪುತ್ತಿತ್ತು. ಅದಕ್ಕೆ ಒಮ್ಮೆ ಒತ್ತಿದರೆ ಟೇಕುಗಳ ನಡುವಿನ ಹರಟೆ, ನೀರು ಕುಡಿಯುವ ಸದ್ದು ಎಲ್ಲವನ್ನೂ ಹಾಗೇ ಓಡಲು ಬಿಡುತ್ತಿದ್ದೆ.

ಅವರ ದನಿ ಆಗಲೇ ಒಡೆದಿತ್ತು. ಮೊದಲ ಸಲ ಸ್ವಲ್ಪ, ಎರಡನೆಯ ಸಲ ಇನ್ನೂ ಸ್ವಲ್ಪ. ಶೀತ ಎಂದರು. ಬಿಸಿನೀರಿನ ಫ್ಲಾಸ್ಕ್ ತಂದಿಟ್ಟುಕೊಂಡರು. ಕರಡಿಗೆ ಅದು ಒಪ್ಪುತ್ತದೆ ಎಂದು ನಾವಿಬ್ಬರೂ ನಕ್ಕಿದ್ದೆವು.

ಬದಲಾವಣೆಯ ಫೋನ್ ಬಂದ ದಿನವೇ ನಾನು ಅವರ ಮನೆಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು.

"ಅವರು ಮಾತಾಡಲ್ಲಮ್ಮಾ ಈಗ."

"ಮಲಗಿದ್ದಾರಾ ಚಾಚಿ?"

"ಇಲ್ಲ, ಇಲ್ಲೇ ಕೂತಿದ್ದಾರೆ. ಮಾತು ಬರಲ್ಲ. ಗಂಟಲು ತೆಗೆದ್ರು."

ಮರುದಿನ ಭದ್ರಾವತಿಯ ಬಸ್ ಹತ್ತಿದೆ. ಅವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಕತ್ತಿನ ಬುಡದಲ್ಲಿ ಒಂದು ತೂತು. ಅದರ ಮುಂದೆ ತೆಳುವಾದ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಉಸಿರಾಡಿದಾಗ ಬಟ್ಟೆ ಸ್ವಲ್ಪ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ತೊಡೆಯ ಮೇಲೆ ಶಾಲೆ ಮಕ್ಕಳ ಸ್ಲೇಟು, ಕೈಯಲ್ಲಿ ಬಳಪ. ನನ್ನನ್ನು ನೋಡಿದವರೇ ಬರೆದರು: 'ಕರಡಿ ಹೇಗಿದೆ?'

ನಾನು ವಿಷಯ ಹೇಳಿದೆ. ಕಂಪನಿಯವರು ಈ ವಿಸಿಡಿಯನ್ನು ಶಾಲೆಗಳಿಗೂ ಕೊಡಬೇಕೆಂದಿದ್ದರು. ಬೈಬಲಿನ ಕಥೆ, ತಮಾಷೆ ಇರಲಿ, ಆದರೆ ಕರಡಿ ದೇವರ ಹೆಸರೆತ್ತಿ ಮಾಡುವ ತಮಾಷೆ ಬೇಡ ಎಂಬುದು ಅವರ ಮಾತು. ಅಂಥವು ಮೂರು ಇದ್ದವು.

ಅವರು ತಲೆಯಾಡಿಸಿ ಬರೆದರು: 'ಸರಿಯೇ. ಬೇರೆಯವರನ್ನ ಹಾಕಿ. ಕೆಲಸ ನಿಲ್ಲಬಾರದು.' ನಾನು ಓದಿದ್ದನ್ನು ಖಚಿತ ಮಾಡಿಕೊಂಡು, ಅಂಗೈಯಿಂದ ಒರೆಸಿ, ಮತ್ತೆ ಬರೆದರು: 'ರಾಕ್ಷಸನ ತರ ನಗಿಸಬೇಡಿ.'

ಚಾಚಿ ಟೀ ತಂದರು. ಚಾಚಾರ ಕಣ್ಣೆದುರೇ ನನಗೆ ಹೇಳಿದರು: "ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಬೀದಿಯವರನ್ನೆಲ್ಲಾ ಕರೆದು ಕರೆದು ಮಾತಾಡ್ಸಿದ್ರು. ಹಾಲಿನವನ ಹತ್ರ ಅರ್ಧ ಗಂಟೆ. ನಂಗೆ ಮಾತ್ರ ಏನೂ ಹೇಳ್ಲಿಲ್ಲ ನೋಡಿ."

ಚಾಚಾ ಸ್ಲೇಟು ಎತ್ತಿ ಬರೆದು ಅವರ ಕಡೆ ತಿರುಗಿಸಿದರು. ಅದೇನೆಂದು ನನಗೆ ಕಾಣಲಿಲ್ಲ. ಚಾಚಿ ಓದಿ, "ಸುಳ್ಳು" ಎಂದು ಒಳಗೆ ಹೋದರು.

ಮಾಲೀಕರು ಎರಡೇ ದಿನದಲ್ಲಿ ಬದಲಿ ದನಿ ಹುಡುಕಿ ತಂದರು. ಆರ್ಕೆಸ್ಟ್ರಾಗಳಲ್ಲಿ ನಿರೂಪಣೆ ಮಾಡುತ್ತಿದ್ದವರು; ತುಂಬು ಕಂಠ, ಸ್ಪಷ್ಟ ಉಚ್ಚಾರ. ಮೂರು ಮಾತಿಗೆ ಮಾತ್ರ ಬೇರೆ ದನಿ ಹಾಕಿದರೆ ಕಿವಿಗೆ ಹೊಡೆಯುತ್ತದೆ. ಕರಡಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಹೇಳಿಸಬೇಕು. ಹೇಳಿದರು. ತುಟಿಗೆ ತುಟಿ ಸರಿಯಾಗಿ ಕೂಡುತ್ತಿತ್ತು. ಆದರೆ ಪ್ರತಿ ಮಾತಿಗೂ ಮೊದಲು "ಹ ಹ್ಹ ಹ್ಹಾ" ಎಂದು ಗಹಗಹಿಸುತ್ತಿದ್ದರು. ನಗು ಬೇಡ ಎಂದೆ. ನಗು ತೆಗೆದ ಮೇಲೆ ಅವರ ಕರಡಿಯಲ್ಲಿ ಏನೂ ಉಳಿಯಲಿಲ್ಲ. ಬಸ್ ನಿಲ್ದಾಣದ ಪ್ರಕಟಣೆಯ ಹಾಗಾಯಿತು.

ಮಾಲೀಕರು ಕೇಳಿಸಿಕೊಂಡು, "ಗಟ್ಟಿ ಇದೆ, ಕ್ಲಿಯರ್ ಇದೆ. ಇನ್ನೇನ್ ಬೇಕು ನಿಮಗೆ?" ಎಂದರು.

"ಈ ಕರಡಿ ಎಲ್ರೂ ಓಡಿಹೋಗ್ಲಿ ಅಂತ ಕೂಗಿದ ಹಾಗಿದೆ ಸಾರ್. ಚಾಚಾ ಕೂಗಿದಾಗ ಯಾರಾದ್ರೂ ಬರ್ಲಿ ಅಂತ ಕೂಗಿದ ಹಾಗಿತ್ತು."

"ಮಕ್ಕಳು ಅಷ್ಟೆಲ್ಲಾ ನೋಡ್ತಾರಾ ಮಾರಾಯ್ತಿ?"

ಇನ್ನೊಂದು ದಾರಿ ನೋಡುತ್ತೇನೆ ಎಂದೆ. ಚಾಚಾ ಮೂರು ಸಲ ಬಂದಾಗ ಆಡಿದ ಮಾತೆಲ್ಲ ಕಂಪ್ಯೂಟರಿನಲ್ಲಿ ಇತ್ತು. ಪದ ಪದ ಹೆಕ್ಕಿ ಆ ಮೂರು ಮಾತುಗಳನ್ನು ಅವರ ದನಿಯಲ್ಲೇ ಕಟ್ಟಲು ಆಗುತ್ತದೆಯೋ ನೋಡಬೇಕು. ಮಾಲೀಕರು ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿದರು: "ಸೋಮವಾರ ಸಿಡಿ ಬೆಂಗಳೂರು ಬಸ್ಸಿಗೆ ಹಾಕ್ಬೇಕು. ಅಷ್ಟರೊಳಗೆ ಏನ್ ಮಾಡ್ತೀರೋ ಮಾಡಿ. ಆಗ್ಲಿಲ್ಲ ಅಂದ್ರೆ ಇವರದ್ದೇ ಹೋಗುತ್ತೆ."

ಕೆಲಸಕ್ಕೆ ಕೂರುವ ಮೊದಲು ಭದ್ರಾವತಿಗೆ ಫೋನ್ ಮಾಡಿ, ನಡುವೆ ಆಡಿದ ಮಾತುಗಳನ್ನೂ ಬಳಸಬಹುದಾ ಎಂದು ಕೇಳಿಸಿದೆ. ಚಾಚಿ ರಿಸೀವರನ್ನು ಅವರ ಕೈಗೇ ಕೊಟ್ಟರೆಂದು ಕಾಣುತ್ತದೆ. ಒಂದು ಕ್ಷಣ ಬರೀ ಉಸಿರು. ಆಮೇಲೆ ಬಳಪದಿಂದ ರಿಸೀವರಿಗೆ ಟಕ್ ಟಕ್ ಎಂದು ಕುಟ್ಟಿದ ಸದ್ದು. "ಹೂಂ ಅಂತಿದ್ದಾರೆ" ಎಂದರು ಚಾಚಿ ಹಿಂದಿನಿಂದ.

ಮೊದಲ ಮಾತು ಸುಲಭವೆಂದುಕೊಂಡಿದ್ದೆ. ಕರಡಿ ಮೊಲಗಳತ್ತ ಬಾಗಿ, "ನಿಮ್ಮ ದೇವ್ರು ನಿದ್ದೆ ಮಾಡ್ತಿದ್ದಾನಾ?" ಎನ್ನುತ್ತದೆ. 'ದೇವ್ರು' ತೆಗೆದು 'ರಾಜ' ಇಟ್ಟರೆ ಸಾಕು. ಮೊದಲ ವಾರದ ರೆಕಾರ್ಡಿಂಗಿನಲ್ಲಿ 'ರಾಜ' ಸಿಕ್ಕಿತು. ತಂದು ಕೂರಿಸಿದೆ. ಕೇಳಿದರೆ ಇಬ್ಬರು ಬೇರೆ ಬೇರೆ ಮನುಷ್ಯರು ಮಾತಾಡಿದ ಹಾಗೆ. ಆ ವಾಕ್ಯ ಮೂರನೆಯ ವಾರದ್ದು. ಮೊದಲ ವಾರದ ದನಿಯಲ್ಲಿ ಇನ್ನೂ ನುಣುಪಿತ್ತು. ಮೂರನೆಯ ವಾರದ್ದು ಒಣಗಿದ ಸೌದೆಯ ಹಾಗೆ ಸೀಳಿತ್ತು. ಪರದೆಯ ಮೇಲೆ ದನಿಯ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. ವಾರದಿಂದ ವಾರಕ್ಕೆ ಅಂಚು ಹರಿದುಕೊಂಡು ಬಂದದ್ದು ಕಣ್ಣಿಗೇ ಕಾಣುತ್ತಿತ್ತು. ಆ ದಿನ ನಾವು ಶೀತ ಎಂದುಕೊಂಡದ್ದು ಇದನ್ನೇ.

ಹಾಗಾಗಿ ಮೂರನೆಯ ವಾರದ ಮಾತಿಗೆ ಮೂರನೆಯ ವಾರದ ಪದವೇ ಬೇಕು. ಮೊದಲಿನಿಂದ ಕೇಳುತ್ತಾ ಕೂತೆ. ಬೆಳಿಗ್ಗೆ ಬಾಗಿಲು ತೆಗೆದು, ಹೆಡ್‌ಫೋನ್ ಹಾಕಿಕೊಂಡರೆ ಊಟದ ಹೊತ್ತಿಗೆ ತೆಗೆಯುವುದು. ಕರೆಂಟ್ ಹೋದರೆ ಕತ್ತಲೆಯ ಶೆಡ್ಡಿನಲ್ಲಿ ಹಾಗೇ ಕೂತಿರುವುದು. ಅಮ್ಮ ತೀರಿಕೊಂಡ ಮೇಲೆ ನನ್ನ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಅಲ್ಲಿ ಹೋಗಿ ಮಾತಾಡಲು ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬ್ರೆಡ್ ಕೇಳಲು ಬಾಯಿ ತೆರೆದಾಗ ನನ್ನ ದನಿಯೇ ಕಟ್ಟಿಕೊಂಡಿತ್ತು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಕೇಳಿದ್ದೆಲ್ಲ ಚಾಚಾರ ಮಾತು. ಈಗ ಭದ್ರಾವತಿಗೆ ಹೋದರೂ ಸಿಗದ ಮಾತು.

ನಾಟಕ ತಂಡದ ಜಗಳಗಳು, ಕ್ರೇನಿನ ಮೇಲಿಂದ ಕಾಣುತ್ತಿದ್ದ ಕಾದ ಕಬ್ಬಿಣದ ಬಣ್ಣ, ಎಲ್ಲ ಅದರಲ್ಲಿತ್ತು. ಒಂದು ಕಡೆ ಹೇಳುತ್ತಾರೆ: "ಈ ಕಥೆ ನಮ್ಮಲ್ಲೂ ಇದೆ ಮೇಡಂ. ದಾವೂದ್, ಜಾಲೂತ್. ನಮ್ ದಾದಿ, ಅಪ್ಪನ ಅಮ್ಮ, ಹೇಳ್ತಿದ್ರು. ಜಾಲೂತ್ ಬಿದ್ದ ಅಂದ ತಕ್ಷಣ ನಾನು ಅಳ್ತಿದ್ದೆ. ಅಷ್ಟು ದೊಡ್ಡ ಮನುಷ್ಯ, ನಡುವೆ ಒಬ್ನೇ ನಿಂತಿದ್ನಲ್ಲ ಅಂತ. ದಾದಿ ಬೈಯೋರು, ಅವನು ಕೆಟ್ಟೋನು ಕಣೋ, ಅಳಬಾರ್ದು ಅಂತ."

ಮೂರನೆಯ ವಾರದ 'ರಾಜ' ಸಿಕ್ಕಿದ್ದು ಅಂಥದೇ ಒಂದು ಹರಟೆಯಲ್ಲಿ. "ನಲವತ್ತು ವರ್ಷ ನಾಟಕ ಮಾಡ್ದೆ, ರಾಜನ ಪಾರ್ಟು ಮಾತ್ರ ಒಂದು ಸಲಾನೂ ಕೊಡ್ಲಿಲ್ಲ ಬಡ್ಡಿಮಕ್ಳು." ಅದರಿಂದ 'ರಾಜ' ಎಂಬಷ್ಟನ್ನು ಕತ್ತರಿಸಿದೆ. ಆದರೆ ಟೇಕುಗಳ ನಡುವೆ ಸೆಕೆ ಎಂದು ಫ್ಯಾನ್ ಹಾಕಿಕೊಳ್ಳುತ್ತಿದ್ದರು. ಆ ಒಂದು ಪದದ ಹಿಂದೆ ಮಾತ್ರ ಗುಂಯ್ ಎನ್ನುವ ಸದ್ದು. ಸಂಗೀತ ಮತ್ತು ಸದ್ದುಗಳ ಟ್ರ್ಯಾಕು ಕಂಪನಿಯಿಂದ ಬೇರೆಯಾಗಿಯೇ ಬಂದಿತ್ತು. ಅದರಿಂದ ಮರಳುಗಾಡಿನ ಗಾಳಿಯನ್ನು ಎತ್ತಿ ತಂದು, ಇಡೀ ವಾಕ್ಯದ ಮೇಲೆ ಬೀಸಿದ ಹಾಗೆ ಹರಡಿದೆ. ಫ್ಯಾನು ಅದರಲ್ಲಿ ಕರಗಿತು. ಮತ್ತೆ ಮತ್ತೆ ಕೇಳಿದೆ. ಒಬ್ಬನೇ ಮನುಷ್ಯ, ಒಂದೇ ಉಸಿರಿನಲ್ಲಿ ಹೇಳಿದ ಹಾಗಿತ್ತು.

ಎರಡನೆಯ ಮಾತು ಬರುವಾಗ ಶಿರಸ್ತ್ರಾಣ ಜಾರಿ ಕರಡಿಯ ಮುಖ ಮುಚ್ಚಿರುತ್ತದೆ. ತುಟಿ ಕಾಣದು, ಮಾತೇ ಬೇಕೆಂದಿಲ್ಲ, ಒಳಗಿನಿಂದ ಏನಾದರೂ ಒಂದು ಸದ್ದು ಬಂದರೆ ಸಾಕು. ಮೂರನೆಯ ವಾರದಲ್ಲಿ ಕೆಮ್ಮು ಬೇಕಾದಷ್ಟಿತ್ತು. ಒಂದು ಉದ್ದನೆಯ ಕೆಮ್ಮನ್ನು ತಂದಿಟ್ಟೆ. ಹಿತ್ತಾಳೆಯೊಳಗೆ ಗುಡುಗಿದ ಹಾಗೆ ಕೇಳಿಸಿತು. ಮಕ್ಕಳು ಬಿದ್ದು ಬಿದ್ದು ನಗುವುದು ಖಂಡಿತ. ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲು ಆಗಲಿಲ್ಲ. ಅಳಿಸಿದೆ. ಕನ್ನಡಕ ಹುಡುಕುತ್ತಾ ಅವರು ಮೂಗಿನಲ್ಲೇ ಯಾವುದೋ ರಾಗ ಗುನುಗಿದ್ದು ಒಂದು ಕಡೆ ಇತ್ತು. ಅದನ್ನು ಇಟ್ಟೆ. ಕುರುಡಾದ ದೈತ್ಯ ಹಾಡು ಗುನುಗುತ್ತಾ ಕಣಿವೆಯಲ್ಲಿ ತಡಕಾಡಿದ. ತಮಾಷೆ ಸ್ವಲ್ಪ ಕಡಿಮೆಯಾಯಿತು. ಆಗಲಿ ಎಂದು ಬಿಟ್ಟೆ.

ಭಾನುವಾರ ಮಧ್ಯಾಹ್ನ ಉಳಿದದ್ದು ಕೊನೆಯ ಮಾತು. ಬಿದ್ದ ಕರಡಿ ಎದ್ದು ಕೂತು, ಮೇಲೆ ನೋಡಿ, "ಏನಪ್ಪಾ ದೇವ್ರೇ, ನೀನೂ ಅವ್ರ ಕಡೆನಾ?" ಎಂದು ಕೇಳುತ್ತದೆ. ನಾನೇ ಬರೆದ ಮಾತು. ಇಡೀ ಕಂತಿನಲ್ಲಿ ನನಗೆ ಬಹಳ ಇಷ್ಟವಾದದ್ದು. ಈಗ ಅದರ ಜಾಗಕ್ಕೆ ಏನು? ಕರಡಿಯ ಬಾಯಿ ಎರಡು ಸಲ ತೆರೆದು ಮುಚ್ಚುತ್ತದೆ, ಒಂದಿಷ್ಟು ಬಿಡುವು, ಆಮೇಲೆ ಬೇಗ ಬೇಗ ನಾಲ್ಕೈದು ಸಲ ಆಡುತ್ತದೆ. ಸಾಲುಗಟ್ಟಲೆ ಬರೆದೆ. ಬರೆದದ್ದಕ್ಕೆ ಪದ ಸಿಗುತ್ತಿರಲಿಲ್ಲ. ಸಿಕ್ಕಿದ ಪದಕ್ಕೆ ಭಾವ ಕೂಡುತ್ತಿರಲಿಲ್ಲ. ಆರ್ಕೆಸ್ಟ್ರಾದವರ ಸಿಡಿ ಮೇಜಿನ ಮೇಲೆ ಸಿದ್ಧವಾಗಿತ್ತು. ಅದನ್ನೇ ಕಳಿಸಿಬಿಡೋಣ ಎನ್ನಿಸಿ, ಒಂದು ಸಲ ಎದ್ದು ಕಂಪ್ಯೂಟರ್ ಆರಿಸಲೂ ಹೋದೆ.

ಕೊನೆಯ ದಿನದ ರೆಕಾರ್ಡಿಂಗಿನ ಬಾಲ ಒಂದು ಉಳಿದಿತ್ತು. ಅದನ್ನು ಕೇಳಿ ಮುಗಿಸೋಣವೆಂದು ಕೂತೆ. ಕರಡಿ ಬೀಳುವ ದೃಶ್ಯದ ನರಳಾಟವನ್ನು ಚಾಚಾ ಮಾಡಿ ಮಾಡಿ ದಣಿದಿದ್ದಾರೆ. ನಾನು ಮೈಕಿನ ಕೋಣೆಯ ಗಾಜಿನ ಕಿಟಕಿಯ ಈಚೆ ಕೂತು ಏನನ್ನೋ ಸರಿಪಡಿಸುತ್ತಿದ್ದೇನೆ. ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದು. ಆಮೇಲೆ ಮೈಕಿಗೆ ತೀರಾ ಹತ್ತಿರದಲ್ಲಿ, ಮೆಲ್ಲಗೆ, ಚಿಕ್ಕ ಹುಡುಗ ಮೇಷ್ಟರನ್ನು ಕೇಳಿದ ಹಾಗೆ:

"ಸಾಕಾ? ಮನೆಗೆ ಹೋಗ್ಲಾ?"

ನಾನು ಅದಕ್ಕೆ ಇನ್ನೊಂದು ಟೇಕ್ ಕೊಟ್ಟು ಹೋಗಿ ಚಾಚಾ ಎಂದದ್ದೂ ಅದರಲ್ಲಿತ್ತು.

ಎತ್ತಿ ತಂದು ಕರಡಿಯ ಬಾಯಿಗೆ ಇಟ್ಟೆ. ನಡುವಿನ ಬಿಡುವನ್ನು ಕೂದಲೆಳೆಯಷ್ಟು ಹಿಗ್ಗಿಸಿದೆ, ಅಷ್ಟೇ. ಕರಡಿ ಮರಳು ಕೊಡವಿಕೊಂಡು ಎದ್ದು ಕೂತು, ಎರಡೂ ಸೈನ್ಯಗಳ ಮೇಲೆ ಕಣ್ಣು ಹಾಯಿಸಿ ಕೇಳಿತು, ಸಾಕಾ, ಮನೆಗೆ ಹೋಗ್ಲಾ ಎಂದು. ನನಗೆ ಮೊದಲು ನಗು ಬಂತು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಭಾನುವಾರದ ರಸ್ತೆ ಖಾಲಿಯಿತ್ತು.

ಈಗ ಅಳಿಲಿನ ಉತ್ತರ ಬದಲಾಗಬೇಕಿತ್ತು. ಮೊದಲು ಬರೆದದ್ದು ಜಾಣತನದ ಮಾತು, ಇದಕ್ಕೆ ಹೊಂದುತ್ತಿರಲಿಲ್ಲ. ರೆಕಾರ್ಡಿಂಗ್ ಒತ್ತಿ, ಒಳಗೆ ಓಡಿ ಬಂದು ಮೈಕಿನ ಮುಂದೆ ನಿಂತೆ. ಈ ಸಲ ಹೆಡ್‌ಫೋನಿನಲ್ಲಿ ಇಂಗ್ಲಿಷ್ ಇರಲಿಲ್ಲ, ಚಾಚಾರ ದನಿಯೇ ಇತ್ತು. ಅವರು ಕೇಳಿದರು. ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ ಹೊಸ ಉತ್ತರ ಹೇಳಿದೆ, ಕೂಡಲಿಲ್ಲ. ಹೊರಗೆ ಹೋಗಿ ಹಿಂದಕ್ಕೆ ತಿರುಗಿಸಿ ಬಂದೆ. ಮತ್ತೆ ಕೇಳಿದರು. ಹೀಗೆ ಎಷ್ಟೋ ಸಲವಾದ ಮೇಲೆ, ಬರೆದಿಟ್ಟುಕೊಂಡ ಹಾಳೆಯನ್ನು ನೋಡದೆ ಹೇಳಿದೆ:

"ಇರು ಮಾರಾಯ, ಒಬ್ನೇ ಹೋಗ್ಬೇಡ. ನಾನೂ ಬರ್ತೀನಿ."

ಚಿತ್ರದಲ್ಲಿ ಅಳಿಲು ಆ ಹೊತ್ತಿಗೆ ಸರಿಯಾಗಿ ಕರಡಿಯ ಹೆಗಲೇರುತ್ತಿತ್ತು.

ಸೋಮವಾರ ಬೆಳಿಗ್ಗೆ ಮಾಲೀಕರು ಕೊನೆಯವರೆಗೂ ನೋಡಿದರು. "ಕಳ್ಸಿ" ಎಂದಷ್ಟೇ ಹೇಳಿ, ಆರ್ಕೆಸ್ಟ್ರಾದವರ ಸಿಡಿಯನ್ನು ಕಪಾಟಿನಲ್ಲಿಟ್ಟರು. ವಾರದ ಕೊನೆಗೆ ಕಂಪನಿಯವರ ಫೋನ್ ಬಂತು. ಎಲ್ಲ ಒಪ್ಪಿಗೆ. ಉಳಿದ ಕಂತುಗಳನ್ನೂ ಕಳಿಸುತ್ತೇವೆ, ಆದರೆ ಇದೇ ಕರಡಿ ಇರಬೇಕು ಎಂದರು. ಇದೇ ಕರಡಿ ಇನ್ನು ಸಿಗುವುದಿಲ್ಲ ಎಂದು ಹೇಳಬೇಕಾಯಿತು. ಅವರು ಪಾಪ, ಬಹಳ ನೊಂದುಕೊಂಡರು. ಕಂತುಗಳು ಬೆಂಗಳೂರಿನ ಸ್ಟುಡಿಯೋ ಒಂದಕ್ಕೆ ಹೋದವು. ನಾವು ಬಟ್ಟೆ ಅಂಗಡಿಯ ಜಾಹೀರಾತಿಗೆ ಮರಳಿದೆವು.

ವಿಸಿಡಿ ಅಚ್ಚಾಗಿ ಬಂದ ಮೇಲೆ ಒಂದನ್ನು ತೆಗೆದುಕೊಂಡು ಭದ್ರಾವತಿಗೆ ಹೋದೆ. ಚಾಚಿ ಪಕ್ಕದ ಮನೆಯಿಂದ ಪ್ಲೇಯರ್ ತರಿಸಿದ್ದರು. ಅದರ ಹಿಂದೆಯೇ ಆ ಮನೆಯ ಮಕ್ಕಳೂ ಬಂದು ಟಿವಿಯ ಮುಂದೆ ಕೂತರು. ಕರಡಿ ಕೂಗಿದ ಕೂಡಲೇ ಮಕ್ಕಳು ನಕ್ಕರು. ಕಿಟಕಿಯ ಹತ್ತಿರದ ಒಬ್ಬಳು ಹುಡುಗಿ ಮಾತ್ರ ತಿರುಗಿ ಚಾಚಾರನ್ನೇ ನೋಡಿದಳು. ಅವರು ತುಟಿಯ ಮೇಲೆ ಬೆರಳಿಟ್ಟು ಟಿವಿ ತೋರಿಸಿದರು. ಚಾಚಿ ಅಡುಗೆಮನೆಯ ಬಾಗಿಲಲ್ಲಿ ನಿಂತವರು ಒಳಗೆ ಹೋಗಲಿಲ್ಲ, ಹೊರಗೂ ಬರಲಿಲ್ಲ.

'ರಾಜ' ಬಂದಾಗ ಚಾಚಾ ಹುಬ್ಬೇರಿಸಿ ನನ್ನ ಕಡೆ ನೋಡಿದರು. ಎರಡನೆಯ ಮಾತಿನ ನಂತರ ಸ್ಲೇಟಿನ ಮೇಲೆ 'ಲೇಟಾಯ್ತು' ಎಂದು ಬರೆದರು. ನಿಜ, ಗುನುಗು ಸ್ವಲ್ಪ ತಡವಾಗಿ ಶುರುವಾಗಿತ್ತು. ಅದನ್ನು ಬೇರೆ ಯಾರೂ ಗುರುತಿಸಿರಲಿಲ್ಲ. ಕೊನೆಯ ಮಾತು ಬಂತು. ಮಕ್ಕಳು ಹೋ ಎಂದು ನಕ್ಕರು. ಚಾಚಾರ ಹೆಗಲು ಕುಣಿಯಿತು, ಕತ್ತಿನ ಬಟ್ಟೆ ಪಟಪಟನೆ ಹಾರಿತು. ಅದು ಅವರ ನಗು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಮುಗಿದ ಮೇಲೆ ಮಕ್ಕಳು ಎದ್ದು ಹೋದರು. ಚಾಚಾ ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿದರು. ತಮ್ಮ ಮಾತಿನ ಹತ್ತಿರ ನಿಲ್ಲಿಸುತ್ತಾರೆ ಎಂದುಕೊಂಡೆ. ಅದನ್ನು ದಾಟಿಸಿ, ಅಳಿಲಿನ ಮಾತಿಗೆ ತಂದರು. 'ಇರು ಮಾರಾಯ, ಒಬ್ನೇ ಹೋಗ್ಬೇಡ.' ಮತ್ತೆ ಹಿಂದಕ್ಕೆ. ಮತ್ತೆ. ಅವರು ಕರಡಿ ಮಾಡಿದಾಗ ನನ್ನ ಅಳಿಲನ್ನು ಕೇಳಿರಲೇ ಇಲ್ಲ; ಕಿವಿಯಲ್ಲಿ ಇದ್ದದ್ದು ಇಂಗ್ಲಿಷ್. ಟಿವಿ ಆರಿಸಿ, ಸ್ಲೇಟು ಎತ್ತಿಕೊಂಡು ಏನೋ ಬರೆದು, ಅಂಗೈಯಿಂದ ಒರೆಸಿದರು. ಮತ್ತೆ ಬರೆದು ನನ್ನ ಕೈಗೇ ಕೊಟ್ಟರು.

'ಊಟ ಮಾಡಿ ಹೋಗು.'

ನಾನು ಬಳಪವನ್ನೂ ಇಸಿದುಕೊಂಡು ಅದರ ಕೆಳಗೆ ಬರೆಯತೊಡಗಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಚಾಚಿ ಬಾಗಿಲಿನಿಂದಲೇ ನಗುತ್ತಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು:

"ಅವರಿಗೆ ಕಿವಿ ಕೇಳುತ್ತಮ್ಮಾ. ಬಾಯಲ್ಲೇ ಹೇಳು."